ಮಂಡಿಚಿಪ್ಪಿನ ಮೇಲೆ ನಾಲ್ಕು ಬೆರಳು

ಆಕೆ ನನ್ನ ಬಳಿ ಬಂದದ್ದು ಮಂಗಳವಾರ ಎಂದು ನನ್ನ ನೆನಪು. ದಿನಚರಿಯಲ್ಲಿ ಸೋಮವಾರ ಎಂದಿದೆ. ನಾನು ದಿನಚರಿಯನ್ನು ನಂಬುತ್ತೇನೆ. ಶನಿವಾರ ಬೆಟ್ಟ ಇಳಿದವರಿಗೆ ಭಾನುವಾರ ನೋವು ಶುರುವಾಗಿ ಸೋಮವಾರ ತುದಿ ಮುಟ್ಟುತ್ತದೆ. ಆ ಲೆಕ್ಕಕ್ಕೂ ಸೋಮವಾರವೇ ಹೊಂದುತ್ತದೆ. ಇಷ್ಟು ಚಿಕ್ಕ ವಿಷಯದಲ್ಲೇ ತಪ್ಪುವ ನೆನಪನ್ನು ಹಿಡಿದುಕೊಂಡು ಉಳಿದದ್ದನ್ನು ಹೇಗೆ ಬರೆಯಲಿ ಎಂಬ ಅನುಮಾನ ಇದ್ದೇ ಇದೆ. ಆಡಿದ ಮಾತುಗಳನ್ನು ಅಂದಂದೇ ಗುರುತು ಹಾಕಿಕೊಂಡಿದ್ದೆ, ಅವು ಹೆಚ್ಚುಕಡಿಮೆ ಸರಿ ಇರಬೇಕು. ಮುಖಗಳ ಬಗ್ಗೆ ಭರವಸೆ ಕೊಡಲಾರೆ.

ಹುಣಸೂರಿನಲ್ಲಿ ನಾನು ಫಿಸಿಯೋಥೆರಪಿ ಮಾಡುವ ಕ್ಲಿನಿಕ್ಕಿನ ಎದುರಿಗೇ ಬಸ್ಸು ನಿಲ್ಲುತ್ತದೆ. ಅವತ್ತು ಎಚ್.ಡಿ. ಕೋಟೆ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬಳು ಹುಡುಗಿ ರಸ್ತೆಗೆ ಬೆನ್ನು ಮಾಡಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟಳು.

"ಏನವ್ವಾ, ಅಟ್ಟದಿಂದ ಇಳ್ದಂಗೆ ಇಳೀತಿದ್ದೀಯ! ಬಿರ್ರನೆ ಇಳಿ, ನಾವಿನ್ನೂ ಪಿರಿಯಾಪಟ್ಟಣ ಮುಟ್ಬೇಕು" ಎಂದು ಕಂಡಕ್ಟರ್ ಕೂಗಿದ.

"ಕಾಲ್ ನೋವು ಕಣಪ್ಪ, ವಸಿ ತಡ್ಕೋ" ಎಂದಳು ಹಿಂದಿದ್ದ ಅವಳ ತಾಯಿ.

ಹುಡುಗಿಯ ಪರಿಚಯ ನನಗಿತ್ತು. ಎನ್. ಬೇಗೂರಿನವಳು. ತಾಯಿ ಬೆಳಗಿನ ಜೀಪಿನಲ್ಲಿ ವಯನಾಡಿನ ತೋಟಗಳಿಗೆ ಕೂಲಿಗೆ ಹೋಗಿ ಸಂಜೆ ಬರುವಾಕೆ. ಹುಡುಗಿ ಡಿಗ್ರಿ ಮುಗಿಸಿ, ಅರಣ್ಯ ವೀಕ್ಷಕರ ಹುದ್ದೆಗೆ ಅರ್ಜಿ ಹಾಕಿ, ಹುಣಸೂರಿನ ಒಂದು ತರಬೇತಿ ಕೇಂದ್ರದಲ್ಲಿ ಓಟ, ಜಿಗಿತ, ಗುಂಡು ಎಸೆತ ಕಲಿಯುತ್ತಿದ್ದಳು. ದೈಹಿಕ ಪರೀಕ್ಷೆ ಅದೇ ಗುರುವಾರ, ಮೈಸೂರಿನಲ್ಲಿ. ಆ ಹುದ್ದೆಗೆ ಮುಂದಿನ ಬಾರಿ ಅರ್ಜಿ ಕರೆಯುವಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟುತ್ತಿತ್ತು.

ಆ ಕೇಂದ್ರದ ತರಬೇತುದಾರರು ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಊರು ಅವರನ್ನು ಮೇಜರ್ ಎನ್ನುತ್ತದೆ, ಅವರು ತಿದ್ದುವುದಿಲ್ಲ. ಪರೀಕ್ಷೆಯ ಹಿಂದಿನ ಶನಿವಾರ ಇಡೀ ತಂಡವನ್ನು ಬೆಟ್ಟದಪುರಕ್ಕೆ ಕರೆದೊಯ್ಯುವುದು ಅವರು ಹಾಕಿದ ರೂಢಿ. ಹೆಗಲಿಗೆ ಮರಳಿನ ಚೀಲ ಹೊತ್ತು ಮೆಟ್ಟಿಲು ಹತ್ತಬೇಕು. ಮೇಲಿನ ಗುಡಿಯಲ್ಲಿ ಕಾಯಿ ಒಡೆಸಿ ಹರಕೆ ಹೊತ್ತುಕೊಳ್ಳಬೇಕು. ಇಳಿಯುವಾಗ ಯಾರೂ ನಡೆಯುವಂತಿಲ್ಲ, ಅದೇ ಚೀಲದೊಂದಿಗೆ ಓಡಬೇಕು, ಕೆಳಗೆ ಮುಟ್ಟುವವರೆಗೆ ಚೀಲದ ಹೆಗಲು ಬದಲಿಸುವಂತಿಲ್ಲ. ಬದಲಿಸಿದರೆ ಹರಕೆ ಮುರಿದಂತೆ. ನಮ್ಮ ಹುಡುಗಿ ಎಲ್ಲರಿಗಿಂತ ಮೊದಲು ಕೆಳಗೆ ಬಂದಿದ್ದಳಂತೆ, ಚೀಲ ಬಲ ಹೆಗಲಲ್ಲೇ ಇತ್ತಂತೆ.

ನಾನು ಮೇಜರ್‌ಗೆ ಫೋನು ಮಾಡಿ ಕೇಳಿದೆ. "ಇಳಿಯೋಕೆ ಯಾವನ್ಗೆ ನೋವು ಬತ್ತದೆ ಮೇಡಂ? ಹತ್ತೋವಾಗ ಒಬ್ರೂ ಉಸ್ ಅನ್ನಲಿಲ್ಲ. ಕಲ್ಲು ಉರುಳುಸುದ್ರೂ ತಾನೇ ಇಳೀತದೆ."

ಅವರೊಬ್ಬರೇ ಅಲ್ಲ, ಎಲ್ಲರೂ ಹೀಗೇ ಅಂದುಕೊಂಡಿದ್ದಾರೆ. ಹತ್ತುವಾಗ ತೊಡೆಯ ಮುಂಭಾಗದ ಮಾಂಸ ಕುಗ್ಗುತ್ತ ಮೈಯನ್ನು ಮೇಲೆಳೆಯುತ್ತದೆ. ಉಸಿರು ಕಟ್ಟುತ್ತದೆ, ಆದರೆ ಮಾಂಸಕ್ಕೆ ಹಾನಿ ಕಡಿಮೆ. ಇಳಿಯುವಾಗ ಅದೇ ಮಾಂಸ ಬಿಗಿ ಹಿಡಿದುಕೊಂಡೇ ಉದ್ದವಾಗಬೇಕು. ಮೈ ಮುಗ್ಗರಿಸದಂತೆ ತಡೆಯುವ ಲಗಾಮು ಅದು. ಬಿಗಿ ಹಿಡಿದ ಎಳೆಯನ್ನು ಎಳೆದಾಗಲೇ ಒಳಗೆ ಕಣ್ಣಿಗೆ ಕಾಣದ ಹರಕುಗಳಾಗುವುದು. ಉಸಿರು ಏರುವುದಿಲ್ಲವಾದ್ದರಿಂದ ಅವತ್ತು ಏನೂ ಗೊತ್ತಾಗುವುದಿಲ್ಲ. ಇಷ್ಟು ಪಠ್ಯಪುಸ್ತಕದಲ್ಲೇ ಇದೆ. ನಾನು ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೆಸರು ನೋಂದಾಯಿಸಿದ್ದು ಅದರ ಮುಂದಿನ ಪ್ರಶ್ನೆಗಾಗಿ: ಈ ಹಾನಿ ಒಂದೇ ಮಾಂಸದೊಳಗೆ ಎಲ್ಲ ಕಡೆಯೂ ಒಂದೇ ಸಮನಾಗಿ ಆಗುತ್ತದೆಯೇ? ಬ್ಯಾರನ್ನಿನ ಬಿಸಿ ಕೋಣೆಯಲ್ಲಿ ಹೊಗೆಸೊಪ್ಪು ಬೇಯುವುದನ್ನು ನೋಡಿದವರಿಗೆ ಇದು ವಿಚಿತ್ರ ಪ್ರಶ್ನೆ ಅನಿಸಲಾರದು. ಒಂದೇ ಎಲೆ, ಒಂದೇ ಶಾಖ. ತುದಿ ಹಳದಿ ತಿರುಗಿರುತ್ತದೆ, ನಡುವಿನ ದಂಟು ಇನ್ನೂ ಹಸಿ. ಆ ಕೆಲಸಕ್ಕೆಂದು ವಿಭಾಗದವರು ಕೊಟ್ಟಿದ್ದ, ಕೈಯಲ್ಲಿ ಹಿಡಿಯುವಂಥ ಚಿಕ್ಕ ಸ್ಕ್ಯಾನಿಂಗ್ ಯಂತ್ರ ಆಗ ನನ್ನ ಬಳಿ ಇತ್ತು.

ಪರದೆ ಎಳೆದು ಅವಳನ್ನು ಮಲಗಿಸಿದೆ. ಬಲತೊಡೆಯ ಕೆಳಭಾಗದಲ್ಲಿ ನೀಲಿಗಟ್ಟಿದ ಗುರುತುಗಳಿದ್ದವು. ಬೆರಳುಗಳ ಗುರುತು.

"ನಾನೇ ಎಣ್ಣೆ ಬಿಸಿ ಮಾಡಿ ನೀವ್ದೆ ಕಣವ್ವ" ಎಂದಳು ತಾಯಿ. "ಗಂಟು ಕಟ್ಕಂಡಿತ್ತು. ಒತ್ತಿ ಒತ್ತಿ ಕರಗ್ಸುದೆ."

"ಕರಗ್ಸಿದ್ದಲ್ಲ, ಜೀವ ತಗದ್ಲು."

"ನಿಮ್ಮಜ್ಜಿ ಕೈಗೆ ಸಿಕ್ಕಿದ್ರೆ ಗೊತ್ತಾಗದು ನಿಂಗೆ. ಅವಳು ಮೊಣಕೈಲಿ ನೀವೋಳು."

ಮೊದಲು ಕೇಳಬೇಕಾದದ್ದನ್ನು ಕೇಳಿದೆ: ಮೂತ್ರ ಕಪ್ಪುಗೆಂಪಾಗಿ ಹೋಗುತ್ತಿದೆಯೇ? ಮಾಂಸ ಬಹಳ ಹಾಳಾದರೆ ಅದರ ಬಣ್ಣ ಮೂತ್ರದಲ್ಲಿ ಇಳಿಯುತ್ತದೆ, ಆಗ ಪರೀಕ್ಷೆಯ ಮಾತಲ್ಲ, ಆಸ್ಪತ್ರೆಯ ಮಾತು. ಅವಳು ಮುಖ ಮುಚ್ಚಿಕೊಂಡು ನಕ್ಕಳು. "ಅಂಥದ್ದೇನಿಲ್ಲ ಕಣಕ್ಕ, ದಿನದಂಗೇ ಅದೆ."

ಸೊಂಟದ ಮೂಳೆಯ ಮುಂತುದಿಯಿಂದ ಮಂಡಿಚಿಪ್ಪಿನ ಮೇಲಂಚಿನವರೆಗೆ ಟೇಪು ಹಿಡಿದು, ಪೆನ್ಸಿಲಿನಲ್ಲಿ ತೊಡೆಯ ಮೇಲೆ ಸಾಲಾಗಿ ಗುರುತು ಹಾಕಿದೆ. ಮೇಲೆ, ನಡುವೆ, ಕೆಳಗೆ, ಅವುಗಳ ಒಳಮಗ್ಗುಲು ಮತ್ತು ಹೊರಮಗ್ಗುಲಿನಲ್ಲಿ. ಪ್ರತಿ ಗುರುತಿನ ಮೇಲೂ ರಬ್ಬರಿನ ತುದಿಯ ಒತ್ತುಮಾಪಕವನ್ನು ನಿಧಾನವಾಗಿ ಒತ್ತುತ್ತ, ಒತ್ತು ನೋವಾಗಿ ತಿರುಗುವ ಕ್ಷಣದಲ್ಲಿ "ಹೂಂ" ಅನ್ನಲು ಹೇಳಿದೆ. ಮೇಲಿನ ಸಾಲಿನಲ್ಲಿ ಎಷ್ಟು ಒತ್ತಿದರೂ ಸುಮ್ಮನಿದ್ದಳು. ನಡುವಿನ ಸಾಲಿನಲ್ಲಿ ಸ್ವಲ್ಪ ಬೇಗ ಹೂಂ ಎಂದಳು. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಮೇಲೆ, ಒಳಮಗ್ಗುಲಲ್ಲಿ, ರಬ್ಬರು ತಾಗಿಸುವಷ್ಟರಲ್ಲೇ ಹಾಸಿಗೆಯ ಅಂಚು ಹಿಡಿದಳು.

ತಾಯಿ ನೀವಿದ್ದೂ ಅಲ್ಲೇ ಆದ್ದರಿಂದ ಒತ್ತುಮಾಪಕವೊಂದನ್ನೇ ನಂಬುವಂತಿರಲಿಲ್ಲ. ಯಂತ್ರ ಹಚ್ಚಿದೆ. ಈ ಕೆಲಸದಲ್ಲಿ ಚಿತ್ರದ ಬೆಳಕನ್ನು ಒಮ್ಮೆ ನಿಗದಿ ಮಾಡಿದರೆ ಕೊನೆಯವರೆಗೂ ಮುಟ್ಟಬಾರದು, ಜೆಲ್ ಧಾರಾಳವಾಗಿ ಹಚ್ಚಿ ಚರ್ಮಕ್ಕೆ ಭಾರ ಬೀಳದಂತೆ ಹಿಡಿಯಬೇಕು; ಇಲ್ಲದಿದ್ದರೆ ನಮ್ಮ ಕೈಯೇ ಚಿತ್ರ ಬರೆಯುತ್ತದೆ. ಆರೋಗ್ಯವಾದ ಮಾಂಸ ಪರದೆಯ ಮೇಲೆ ಕಪ್ಪಗೆ, ಅದರೊಳಗೆ ತೆಳ್ಳನೆಯ ಬಿಳಿ ಗೆರೆಗಳು. ಮೇಲೆ ಹಾಗೇ ಇತ್ತು. ನಡುವೆಯೂ ಹಾಗೇ ಇತ್ತು. ಕೆಳಗಿನ ಗುರುತಿಗೆ ಬಂದಾಗ ಗೆರೆಗಳು ಮಸುಕಾಗಿ, ಉಸಿರು ಬಿಟ್ಟ ಗಾಜಿನ ಹಾಗೆ ಒಳಗಿನ ಮಾಂಸ ಬೆಳ್ಳಗಾಗಿ, ದಪ್ಪವೂ ಏರಿತ್ತು. ತಾಯಿ ನೀವಿದ್ದರಿಂದ ಆಗಿದ್ದರೆ ಚರ್ಮದ ಕೆಳಗಿನ ಪದರದಲ್ಲಿ ಕಾಣಬೇಕಿತ್ತು. ಇದು ಮೂಳೆಗೆ ಹತ್ತಿರದ ಆಳದಲ್ಲಿತ್ತು. ಎಡತೊಡೆಯಲ್ಲೂ ಅದೇ ಜಾಗದಲ್ಲಿ ಬೆಳ್ಳಗಿತ್ತು, ಆದರೆ ಬಹಳ ಕಡಿಮೆ.

ನನಗೆ ಆಗ ಸಂತೋಷವಾಯಿತು. ಇದನ್ನು ದಿನಚರಿಯಲ್ಲಿ ಬರೆದಿಲ್ಲ, ಆದರೆ ಇದು ಮರೆತಿಲ್ಲ. ಹುಡುಕುತ್ತಿದ್ದದ್ದು ಇಷ್ಟು ಸ್ಪಷ್ಟವಾಗಿ ಯಾರ ತೊಡೆಯಲ್ಲೂ ಸಿಕ್ಕಿರಲಿಲ್ಲ.

"ಅಕ್ಕ, ಗುರುವಾರ ಜಂಪ್ ಆಯ್ತದಾ?"

ಸಂತೋಷ ಅಲ್ಲಿಗೆ ಮುಗಿಯಿತು. ಮಂಡಿಯನ್ನು ಬಗ್ಗಿಸಿ ಬಲ ಅಳೆದೆ. ಎಡಗಾಲಿಗೆ ಹೋಲಿಸಿದರೆ ಬಲಗಾಲು ಬಹಳ ಸೋತಿತ್ತು. ಇಂಥ ಹಾನಿ ತಾನಾಗಿಯೇ ವಾಸಿಯಾಗುತ್ತದೆ, ಔಷಧಿಯೂ ಬೇಡ, ದಿನಗಳು ಬೇಕು. ಅವಳ ಬಳಿ ಇಲ್ಲದ್ದು ಅದೊಂದೇ. ಪ್ರವೇಶಪತ್ರದ ಹಿಂದೆ ಒಂದು ನಿಯಮವಿತ್ತು: ಗಾಯವಾದ ಅಭ್ಯರ್ಥಿ ಸರ್ಕಾರಿ ವೈದ್ಯರ ಪ್ರಮಾಣಪತ್ರವನ್ನು ಪರೀಕ್ಷೆಗೆ ಮೊದಲೇ ಕೊಟ್ಟರೆ ಬೇರೊಂದು ದಿನ ಕೊಡಬಹುದು. ನಾಳೆ ಅದನ್ನು ಪಡೆಯೋಣ ಎಂದೆ. ನೀವುವುದನ್ನು ನಿಲ್ಲಿಸಿ ಎಂದು ತಾಯಿಗೆ ಹೇಳಿದೆ. ಆಕೆ ಒಪ್ಪಿದಂತೆ ತಲೆಯಾಡಿಸಿದ್ದು ನನ್ನ ಸಮಾಧಾನಕ್ಕಿರಬೇಕು.

ಮಂಗಳವಾರ ಬೆಳಿಗ್ಗೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಯಾವುದೆಂದು ಬರೆಯುವುದಿಲ್ಲ, ಅಲ್ಲಿನ ವೈದ್ಯರು ಕೆಟ್ಟವರಲ್ಲ, ಅವರ ಮುಂದಿನ ಸಾಲು ಬಾಗಿಲು ದಾಟಿ ಮರದ ನೆರಳಿನವರೆಗೆ ಇತ್ತು.

"ನೋಡೀಮ್ಮ, ಬೆಟ್ಟ ಹತ್ತಿ ಕಾಲು ನೋವು ಅಂತ ಸರ್ಟಿಫಿಕೇಟ್ ಕೊಟ್ರೆ ನಾಳೆಯಿಂದ ಇಡೀ ತಾಲ್ಲೂಕು ಇಲ್ಲೇ ನಿಲ್ಲುತ್ತೆ."

"ಹತ್ತಿ ಅಲ್ಲ ಸಾರ್, ಇಳಿದು" ಎಂದೆ.

"ಇಳಿದು ಅಂತ ಬರೆದ್ರೆ ಇನ್ನೂ ನಗ್ತಾರೆ ಮೇಡಂ."

ನರ್ಸಮ್ಮನನ್ನು ಕರೆದು ನೋಡಿಸಿದರು. ನರ್ಸಮ್ಮ ಪರದೆಯ ಹಿಂದಿನಿಂದಲೇ, "ಮಂಡಿ ಮೇಲೆ ಕಪ್ಪಾಗ್ಯದೆ ಸಾರ್, ಯಾರೋ ಚೆನ್ನಾಗಿ ಒತ್ತವ್ರೆ" ಎಂದರು. ವೈದ್ಯರು ತಾಯಿಯ ಕಡೆ ನೋಡಿದರು. ತಾಯಿ ನೆಲ ನೋಡಿದಳು. "ಇದೇ ನೋವು. ನೀವಿಸಿಕೊಂಡು ಬಂದು ಗಾಯ ಅಂದ್ರೆ ಹೇಗೆ?" ಎಂದವರು, ನಾನು ಬಿಡದೆ ನಿಂತದ್ದಕ್ಕೆ, ಹತ್ತಿರದ ಸ್ಕ್ಯಾನಿಂಗ್ ಕೇಂದ್ರಕ್ಕೆ ಚೀಟಿ ಬರೆದರು. ಅಲ್ಲಿ ಹರಕು ಕಂಡರೆ ಸಹಿ ಹಾಕುವುದಾಗಿ ಹೇಳಿದರು. ನನಗೆ ಕ್ಲಿನಿಕ್ಕಿನಲ್ಲಿ ಪಾರ್ಶ್ವವಾಯುವಿನ ರೋಗಿಯೊಬ್ಬರು ಕಾಯುತ್ತಿದ್ದರು. ತಾಯಿ ಮಗಳನ್ನು ಸ್ಕ್ಯಾನಿಂಗಿಗೆ ಕಳಿಸಿ ನಾನು ವಾಪಸು ಬಂದೆ.

ಮಧ್ಯಾಹ್ನ ವರದಿ ಹಿಡಿದುಕೊಂಡು ಬಂದರು. ತೊಡೆಯ ಮಾಂಸ ಸಹಜವಾಗಿದೆ, ಯಾವ ಹರಕೂ ಇಲ್ಲ ಎಂದಿತ್ತು.

ನನ್ನ ಚಿತ್ರಗಳನ್ನು ತೆಗೆದು ಮತ್ತೆ ನೋಡಿದೆ. ನಾನೇ ಬೆಳಕು ತಪ್ಪಿಸಿರಬಹುದೇ, ಕಾಣಬೇಕೆಂದು ಬಯಸಿದ್ದನ್ನು ಕಂಡೆನೇ ಎಂದು ಒಂದಷ್ಟು ಹೊತ್ತು ಕುಳಿತೆ. ಆಮೇಲೆ ಹೊಳೆದು ಕೇಳಿದೆ, "ಜೆಲ್ ಎಲ್ಲಿ ಹಚ್ಚಿದರು? ತಣ್ಣಗೆ ಎಲ್ಲಿ ತಾಗಿತು, ತೋರಿಸು."

ಅವಳು ತೋರಿಸಿದ್ದು ತೊಡೆಯ ನಡುವಿಗಿಂತಲೂ ಮೇಲೆ.

"ಪ್ಯಾಂಟ್ ಟೈಟಿತ್ತಲ್ಲಕ್ಕ, ಕೆಳಗಿಂದ ಏರ್ಸಕಾಗ್ನಿಲ್ಲ. ಮೇಲಿಂದ ವಸಿ ಜಾರ್ಸ್ಕಂಡೆ. ಆ ಡಾಕ್ಟ್ರೂ ಅತ್ಲಾಗೆ ಟೀವಿ ಕಡೀಕೆ ಮುಖ ಮಾಡ್ಕಂಡೇ ಒತ್ತುದ್ರು. 'ಇಲ್ಲೇ ಅಲ್ವೇನಮ್ಮ ತೊಡೆ' ಅಂದ್ರು. ಊಂ ಅಂದೆ."

"ಇನ್ನೂ ಕೆಳಗೆ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇನ್ನೂ ಜಾರುಸ್ಬೇಕಾಯ್ತಿತ್ತಲ್ಲ."

ತಾಯಿ ಮಗಳ ತಲೆಗೆ ಮೊಟಕಿದಳು. "ಓದಿರೋಳು ನೋಡು! ಬಾಯಿ ಬುಟ್ಟು ಹೇಳಕ್ಕೇನಾಗಿತ್ತು ನಿಂಗೆ?"

"ನೀನು ಬಾಗ್ಲಲ್ಲೇ ನಿಂತಿದ್ದೆ. ನೀನೇ ಹೇಳ್ಬೋದಿತ್ತಲ್ಲ?"

ಆ ಸ್ಕ್ಯಾನಿಂಗ್ ವೈದ್ಯರು ಮರ್ಯಾದಸ್ಥರು. ಹುಡುಗಿಯೂ ಮರ್ಯಾದಸ್ಥಳು. ಇಬ್ಬರ ಮರ್ಯಾದೆಯೂ ಸೇರಿ ಯಂತ್ರವನ್ನು ಹಾನಿಯಿಲ್ಲದ ಜಾಗದಲ್ಲಿ ಇರಿಸಿತ್ತು. ನಾನು ಜೊತೆಗಿದ್ದಿದ್ದರೆ ಎಂದು ಈಗ ಬರೆಯುವುದು ಸುಲಭ. ಮಂಡಿಯ ಬಳಿ ಹಚ್ಚಿ ಎಂದು ಚೀಟಿಯಲ್ಲೇ ಬರೆಸಬಹುದಿತ್ತು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ತೊಡೆ ಎಂದರೆ ತೊಡೆ ಅಷ್ಟೇ.

ಆಸ್ಪತ್ರೆ ಮುಚ್ಚುವ ಮೊದಲು ಬೆಳಗಿನ ವೈದ್ಯರ ಬಳಿ ಮೂವರೂ ಮತ್ತೆ ಹೋದೆವು. ನಡೆದದ್ದು ಹೇಳಿ ನನ್ನ ಯಂತ್ರದ ಚಿತ್ರಗಳನ್ನು ಮೇಲಿನಿಂದ ಕೆಳಗೆ ಸಾಲಾಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ನಿಜವಾಗಿಯೂ ನೋಡಿದರು.

"ವ್ಯತ್ಯಾಸ ಇದೆ. ನಂಬ್ತೀನಿ ಮೇಡಂ. ಆದ್ರೆ ನಿಮ್ಮ ಮಿಷನ್ ಸಂಶೋಧನೆಗೆ ಕೊಟ್ಟಿರೋದು, ನೀವು ಸ್ಕ್ಯಾನಿಂಗ್ ಡಾಕ್ಟರ್ ಅಲ್ಲ. ಆ ಕಡೆ ನಾರ್ಮಲ್ ಅಂತ ವರದಿ ಫೈಲಲ್ಲಿದೆ. ಅದರ ಮೇಲೆ ನಾನು ಹರಕು ಅಂತ ಬರೆದ್ರೆ ನಾಳೆ ನನ್ನ ಕೇಳ್ತಾರೆ. ಮತ್ತೆ ಸ್ಕ್ಯಾನ್ ಮಾಡಿಸೋಣ ಅಂದ್ರೆ ಅವರು ನಾಳೆ ಬರಲ್ಲ." ಪೆನ್ನು ಮೇಜಿಗೆ ಕುಟ್ಟಿದರು. ಆಮೇಲೆ ದನಿ ತಗ್ಗಿಸಿದರು. "ಒಂದು ಕೆಲಸ ಮಾಡೋಣ. ಪಾದ ಉಳುಕಿದೆ ಅಂತ ಬರೀತೀನಿ. ಅದಕ್ಕೆ ಸ್ಕ್ಯಾನ್ ಯಾರೂ ಕೇಳಲ್ಲ. ಹದಿನೈದು ದಿನ ರೆಸ್ಟ್."

ಅವರಿಗೆ ಅದು ದಯೆ. ಇದ್ದದ್ದನ್ನು ಬರೆಯಲಾಗದು, ಇಲ್ಲದ್ದನ್ನು ಬರೆಯಬಹುದು. ನನಗಿಂತ ಮೊದಲು ಹುಡುಗಿಯೇ ಮಾತಾಡಿದಳು.

"ಬ್ಯಾಡ ಸಾರ್. ನಮ್ಮೂರಿಂದ ಇನ್ನಿಬ್ರು ಇದೇ ಪರೀಕ್ಷೆಗೆ ಬತ್ತಾವ್ರೆ. ಪಾದಕ್ಕೇನೂ ಆಗಿಲ್ಲ ಅಂತ ಅವ್ರಿಗೆ ಗೊತ್ತು, ಬೆಟ್ಟದಲ್ಲಿ ಜೊತೇಲೇ ಇದ್ರು. ಸುಳ್ಳು ಸರ್ಟಿಫಿಕೇಟ್ ಅಂತ ಅರ್ಜಿ ಆಕ್ಬುಟ್ರೆ ಇದೂ ಓಯ್ತು, ಮುಂದೆ ಯಾವ ಪರೀಕ್ಷೆನೂ ಇರಾಕಿಲ್ಲ."

ನನಗೆ ಸಮಾಧಾನವಾಯಿತು. ನನ್ನ ಬಾಯಿಂದ ಬೇಡ ಅನ್ನಿಸದೆ ಅವಳೇ ಬೇಡ ಅಂದಳಲ್ಲ ಎಂದು. ಆ ಸಮಾಧಾನ ಒಳ್ಳೆಯ ಜಾತಿಯದಲ್ಲ ಎಂದು ಅವತ್ತೇ ಅನಿಸಿತ್ತು, ಅಥವಾ ಆಮೇಲೆ ಅನಿಸಿದ್ದನ್ನು ಅವತ್ತಿಗೆ ಹಚ್ಚುತ್ತಿದ್ದೇನೆ.

ಇನ್ನು ಉಳಿದಿದ್ದದ್ದು ಬುಧವಾರ ಒಂದೇ ದಿನ. ಆ ರಾತ್ರಿ ಮನೆಯಲ್ಲಿ ಕುಳಿತು ಅವಳ ಎರಡೂ ತೊಡೆಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟೆ. ಸಮತಟ್ಟು ನೆಲದ ಓಟಕ್ಕೆ ಮಾಂಸದ ಕೆಳತುದಿಗೆ ಅಂಥ ಭಾರ ಬೀಳುವುದಿಲ್ಲ. ನೋವು ನುಂಗಿ ಓಡಬಹುದು. ಗುಂಡು ಎಸೆಯಬಹುದು. ಕಷ್ಟ ಇರುವುದು ಉದ್ದ ಜಿಗಿತದಲ್ಲಿ. ಓಡಿ ಬಂದು ಹಲಗೆಯ ಮೇಲೆ ಕಾಲಿಟ್ಟ ಕ್ಷಣ ಮಂಡಿ ತುಸು ಬಾಗುತ್ತದೆ, ಇಡೀ ಮೈಯ ಭಾರವನ್ನು ಆ ಮಾಂಸ ಹಿಡಿದು ನಿಲ್ಲಿಸಿ ಮೇಲಕ್ಕೆ ಎಸೆಯಬೇಕು. ಬೆಟ್ಟ ಇಳಿಯುವಾಗಿನ ಕೆಲಸವೇ, ಒಂದೇ ಹೆಜ್ಜೆಯಲ್ಲಿ. ಅವಳು ಜಿಗಿಯುತ್ತಿದ್ದದ್ದು ಬಲಗಾಲಿನಿಂದ. ಎಡಗಾಲಿಗೆ ಹಾನಿ ಕಡಿಮೆ. ಎಡಗಾಲಿನಿಂದ ಜಿಗಿಯಲಿ ಎಂದು ತೀರ್ಮಾನಿಸಿದೆ.

ಬುಧವಾರ ಬೆಳಿಗ್ಗೆ ಮೈದಾನದಲ್ಲಿ ಇದನ್ನು ಹೇಳಿದಾಗ ಮೇಜರ್ ಸೀಟಿಯನ್ನು ಬಾಯಿಂದ ತೆಗೆದರು.

"ಏನ್ ಮೇಡಂ ನೀವು! ಹುಟ್ಟಿದಾಗಿಂದ ಬಲಗೈಲಿ ಉಣ್ಣೋನ್ಗೆ ಮದುವೆ ಊಟದಲ್ಲಿ ಎಡಗೈಲಿ ಉಣ್ಣು ಅಂದಂಗಾಯ್ತಲ್ಲ ಇದು."

"ಬಲಗಾಲು ಭಾರ ಹಿಡಿಯೋದಿಲ್ಲ ಸರ್. ಮಡಚಿಕೊಳ್ಳುತ್ತೆ."

"ಕಾಲಿಗೇನೂ ಆಗಿಲ್ಲ ಅಂತ ಸ್ಕ್ಯಾನಿಂಗಲ್ಲೇ ಬಂದದಂತಲ್ಲ? ಆಗಿರೋದು ಇಲ್ಲಿ" ಎಂದು ತಮ್ಮ ಎದೆ ತಟ್ಟಿ ತೋರಿಸಿದರು. ಹುಡುಗಿಯ ಕಡೆ ತಿರುಗಿ, "ಏನವ್ವ, ಹುಲಿ ಬಂದ್ರೂ ಎಡಗಾಲೋ ಬಲಗಾಲೋ ಅಂತ ಮೇಡಂನ ಕೇಳ್ತೀಯ?" ಎಂದರು. ಸುತ್ತ ಇದ್ದವರು ನಕ್ಕರು. ಅವಳೂ ನಕ್ಕಳು.

ಕೆಲವೇ ಸಲ ಎಡಗಾಲಿನಿಂದ ಜಿಗಿಸಿದೆ. ಹೆಚ್ಚು ಜಿಗಿಸಿದರೆ ಅದೂ ಹೋಗುತ್ತದೆಂಬ ಭಯ. ಓಡಿ ಬರುವ ಹೆಜ್ಜೆಗಳ ಲೆಕ್ಕ ತಪ್ಪಿ ಹಲಗೆಯ ಮುಂಚೆಯೇ ಕಾಲು ಬೀಳುತ್ತಿತ್ತು. ಓಟ ಶುರುಮಾಡುವ ಗುರುತನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ, ಹಲಗೆಗೆ ಸರಿಯಾಗಿ ಎಡಗಾಲು ಬರುವಂತೆ ಮಾಡಿದೆವು. ಕೊನೆಯದು ಪಾಸಾಗಲು ಬೇಕಾದ ಗೆರೆಗೆ ಬಹಳ ಹತ್ತಿರ ಬಿತ್ತು. "ನಾಳೆ ಜನ ನೋಡ್ತಾವ್ರೆ ಅಂದ್ರೆ ದಾಟ್ತೀನಿ ಬುಡಕ್ಕ" ಎಂದಳು. ಅವಳಿಗೆ ನನ್ನ ಮೇಲೆ ನಂಬಿಕೆ ಇತ್ತೋ, ನನಗೆ ಬೇಸರವಾಗದಿರಲಿ ಎಂದು ಹಾಗೆ ಹೇಳಿದಳೋ, ಗೊತ್ತಿಲ್ಲ.

ಗುರುವಾರದ ಬಗ್ಗೆ ನಾನು ಎಚ್ಚರಿಕೆಯಿಂದ ಬರೆಯಬೇಕು. ದಿನಚರಿಯಲ್ಲಿ ಅವತ್ತಿನ ಪುಟದಲ್ಲಿ ಹೀಗಿದೆ: "ಬಲಗಾಲು ಹಲಗೆಗೆ ಇಟ್ಟ ಕ್ಷಣ ಮಂಡಿ ಬಾಗಿತು, ಮೇಲೇಳಲಿಲ್ಲ, ಮುಗ್ಗರಿಸಿ ಮರಳಿಗೆ ಬಿದ್ದಳು." ಕಣ್ಣಾರೆ ಕಂಡವರ ವಾಕ್ಯ ಅದು. ಆದರೆ ನಾನು ಕಂಡಿಲ್ಲ. ಅಭ್ಯರ್ಥಿಗಳನ್ನಲ್ಲದೆ ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ. ಮೇಜರ್‌ಗೆ ಮಾತ್ರ ಯಾರೋ ಪರಿಚಯದವರು ಗೇಟು ತೆಗೆದರು. ನಾನೂ ಅವಳ ತಾಯಿಯೂ ಕಾಂಪೌಂಡಿನ ಹೊರಗೆ, ಟಾರ್ಪಾಲಿನ ನೆರಳಲ್ಲಿ ಟೀ ಮಾರುವವನ ಪಕ್ಕ ನಿಂತಿದ್ದೆವು. ಗೋಡೆಯಾಚೆಯಿಂದ ಸೀಟಿ ಕೇಳುತ್ತಿತ್ತು, ಆಗಾಗ ಚಪ್ಪಾಳೆ. ಈಗ ಕಣ್ಣು ಮುಚ್ಚಿದರೆ ಆ ಮಂಡಿ ಬಾಗುವುದು ನನಗೆ ಕಾಣುತ್ತದೆ, ಮರಳಿನ ಬಣ್ಣ ಕೂಡ. ಅದು ನಾನೇ ಬರೆದುಕೊಂಡ ಚಿತ್ರ.

ಗೊತ್ತಿರುವುದು ಇಷ್ಟು. ಓಟದಲ್ಲಿ ಅವಳು ಪಾಸಾದಳು. ಜಿಗಿತಕ್ಕೆ ಮೂರು ಅವಕಾಶ. ಮೊದಲ ಎರಡನ್ನೂ ಎಡಗಾಲಿನಿಂದ ಜಿಗಿದಳು. ಎರಡೂ ಗೆರೆಗೆ ಸ್ವಲ್ಪವೇ ಈಚೆ ಬಿದ್ದವು. ಮೂರನೆಯದಕ್ಕೆ ತನ್ನ ಹಳೆಯ ಗುರುತಿಗೆ ಹೋಗಿ ನಿಂತು ಬಲಗಾಲಿನಿಂದ ಜಿಗಿದಳು.

"ಎಜ್ಜೆ ಇಟ್ಟೆ ಕಣಕ್ಕ, ಮಂಡಿ ನಂದಲ್ವೇನೋ ಅನ್ನಂಗೆ ಮಡ್ಚ್ಕತು" ಎಂದು ಅವಳು ಹೇಳಿದಳು.

"ಹಲಗೆ ಹತ್ರ ಬಂದು ಅಂಜ್ಕಂಡ್ಳು. ನಾನು ನೋಡ್ತಾನೇ ಇದ್ದೆ. ಕಾಲು ಎಳ್ಕಂಡ್ಳು" ಎಂದು ಮೇಜರ್ ಹೇಳಿದರು.

ಅವರು ನೋಡಿದ್ದು ನಿಜ, ನಾನು ನೋಡದೇ ಇದ್ದದ್ದೂ ನಿಜ. ಮೂರನ್ನೂ ಎಡಗಾಲಿನಿಂದಲೇ ಜಿಗಿದಿದ್ದರೆ ದಾಟುತ್ತಿದ್ದಳೇ, ಮೊದಲ ಸಲವೇ ಬಲಗಾಲಿನಿಂದ ಜಿಗಿದಿದ್ದರೆ ಮೈ ಬಿಸಿಯ ಮೇಲೆ ದಾಟಿಬಿಡುತ್ತಿದ್ದಳೇ, ಇದಕ್ಕೆ ನನ್ನ ಯಾವ ಯಂತ್ರದಲ್ಲೂ ಉತ್ತರವಿಲ್ಲ. ತಾಯಿ ಗೇಟಿನ ಬಳಿ ಮಗಳ ಬ್ಯಾಗು ತೆಗೆದುಕೊಂಡು, "ನಡಿ, ಕೋಟೆ ಬಸ್ಸು ತಪ್ಪೋಯ್ತದೆ" ಎಂದಳು. ಅಷ್ಟೇ ಮಾತು. ಅವರ ಊರಿನ ಉಳಿದಿಬ್ಬರಲ್ಲಿ ಒಬ್ಬಾಕೆ ಪಾಸಾಗಿದ್ದಳು. ಅವಳೂ ಅದೇ ಬೆಟ್ಟ ಇಳಿದವಳೇ, ಚೀಲವನ್ನು ಅರ್ಧಕ್ಕೇ ಕಳ್ಳತನದಿಂದ ಎಡ ಹೆಗಲಿಗೆ ಬದಲಿಸಿದ್ದಳಂತೆ.

ಆ ರಾತ್ರಿಯೇ ಮೇಜರ್ ತಂಡದ ವಾಟ್ಸಾಪ್ ಗುಂಪಿನಲ್ಲಿ ಗೆದ್ದವರ ಫೋಟೋ ಹಾಕಿ, ಕೆಳಗೆ "ಅಂಜುವವರಿಗೆ ಕಾಡು ಅಲ್ಲ" ಎಂದು ಬರೆದರು. ಹೆಸರು ಬರೆಯಲಿಲ್ಲ. ಬರೆಯುವ ಅಗತ್ಯ ಇರಲಿಲ್ಲ.

ನಾನು ಅವರ ಬಳಿ ಹೋಗಿ ಕುಳಿತು ಸಮಾಧಾನವಾಗಿಯೇ ಮಾತಾಡಿದೆ. ಒಮ್ಮೆ ಹೀಗೆ ಹಾನಿಯಾಗಿ ವಾಸಿಯಾದ ಮಾಂಸ ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ಹಾನಿಯಾಗುವುದಿಲ್ಲ. ಅದಕ್ಕೇ ಬೆಟ್ಟ ಬೇಡ ಎನ್ನುತ್ತಿಲ್ಲ, ಪರೀಕ್ಷೆಗೆ ಒಂದು ತಿಂಗಳು ಮೊದಲು ಹೋಗಿ, ಮೊದಲ ಸಲ ಚೀಲವಿಲ್ಲದೆ ಅರ್ಧ ಇಳಿಸಿ, ಆಮೇಲೆ ಪೂರ್ತಿ ಇಳಿಸಿ ಎಂದೆ. ಅವರು ಗಮನವಿಟ್ಟು ಕೇಳಿದರು.

"ತಿಂಗಳು ಮುಂಚೆ ಹರಕೆ ಕಟ್ಕಂಡ್ರೆ ದೇವ್ರಿಗೆ ನೆಪ್ಪಿರ್ತದಾ ಮೇಡಂ?"

ತಮಾಷೆಯೋ ನಿಜವೋ ತಿಳಿಯಲಿಲ್ಲ. ಮುಂದಿನ ತಂಡವನ್ನೂ ಪರೀಕ್ಷೆಯ ಹಿಂದಿನ ಶನಿವಾರವೇ ಕರೆದೊಯ್ದರು. ಮಾಡಿದ ಬದಲಾವಣೆ ಒಂದೇ: ಕೇಂದ್ರದ ಫಲಕದಲ್ಲಿ "ಫಿಸಿಯೋ ಮೇಡಂ ಮತ್ತು ಸ್ಕ್ಯಾನಿಂಗ್ ಸೌಲಭ್ಯ ಉಂಟು" ಎಂದು ಬರೆಸಿದರು.

ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ನಾನು ಅವಳ ಚಿತ್ರಗಳನ್ನು ತೋರಿಸಿದೆ. ಹೆಸರಿಲ್ಲದೆ, ಅವಳ ಒಪ್ಪಿಗೆ ಪಡೆದು. ಮೇಲೆ ಕಪ್ಪು, ನಡುವೆ ಕಪ್ಪು, ಕೆಳಗೆ ಬಿಳಿ. ಮಾರ್ಗದರ್ಶಕರು ಬಹಳ ಮೆಚ್ಚಿದರು. ಇಷ್ಟು ಚೊಕ್ಕವಾದ ಉದಾಹರಣೆ ಅಪರೂಪ ಎಂದರು. ಚಹಾದ ಹೊತ್ತಿಗೆ ಒಬ್ಬರು ಬಂದು, ಆಮೇಲೆ ಆ ಅಭ್ಯರ್ಥಿ ಏನಾದಳು ಎಂದು ಕೇಳಿದರು. ಪೂರ್ತಿ ವಾಸಿಯಾಯಿತು ಎಂದೆ. ಅದು ಸುಳ್ಳಲ್ಲ.

ಏಕೆಂದರೆ ಅಷ್ಟರಲ್ಲಿ ಅವಳು ಮತ್ತೆ ಬಂದು ಹೋಗಿದ್ದಳು. ಮಳೆಗಾಲ ಶುರುವಾಗಿತ್ತು, ಬೀಚನಹಳ್ಳಿಯ ಹತ್ತಿರದ ರೆಸಾರ್ಟೊಂದರಲ್ಲಿ ಕೋಣೆ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಈ ಸಲ ಒಬ್ಬಳೇ ಬಂದಿದ್ದಳು. ಅದೇ ಗುರುತುಗಳನ್ನು ಹಾಕಿ ಅದೇ ಬೆಳಕಿನಲ್ಲಿ ಯಂತ್ರ ಹಚ್ಚಿದೆ. ಎಲ್ಲ ಸಾಲೂ ಕಪ್ಪಗೆ, ಗೆರೆಗಳು ನೆಟ್ಟಗೆ. ರಬ್ಬರಿನ ತುದಿಗೆ ಎಲ್ಲಿಯೂ ಹೂಂ ಅನ್ನಲಿಲ್ಲ. ಬಲ ಪೂರ್ತಿ ಮರಳಿತ್ತು. ಅವತ್ತು ಯಾರಾದರೂ ಪರೀಕ್ಷೆ ಇಟ್ಟಿದ್ದರೆ ದಾಟಿಬಿಡುತ್ತಿದ್ದಳು. ಹಾನಿಯಾಗಿತ್ತು ಎನ್ನುವುದಕ್ಕೆ ಅವಳ ಮೈಯಲ್ಲಿ ಒಂದು ಗುರುತೂ ಉಳಿದಿರಲಿಲ್ಲ.

"ಅಕ್ಕ, ಒಂದು ಚೀಟಿ ಬರ್ಕೊಡಿ" ಎಂದಳು. "ಪೊಲೀಸ್‌ಗೆ ಕರ್ದವ್ರೆ. ಅದಕ್ಕೆ ನಂಗಿನ್ನೂ ವಯಸ್ಸದೆ. ಆದ್ರೆ ನಮ್ಮಣ್ಣ ಕೋಚಿಂಗ್‌ಗೆ ಕಳ್ಸಕಿಲ್ಲ ಅಂತಾನೆ. ಅಲಗೆ ಮುಂದೆ ಎದ್ರಿಕಂಡು ನಿಂತೋಳ್ನ ಇನ್ನೊಂದ್ಸಲ ಕಳ್ಸಿ ನಗೆಪಾಟ್ಲು ಮಾಡ್ಕಬೇಕಾ ಅಂತಾನೆ. ಮೇಜರ್ ಆಕಿದ್ದ ಮೆಸೇಜು ಊರೋರ ಫೋನ್ನಲ್ಲೆಲ್ಲ ಅದೆ. ಗಾಯ ಆಗಿತ್ತು ಅಂತ ನೀವು ಬರ್ಕೊಟ್ರೆ ಒಪ್ತಾನೆ."

ಇದನ್ನಾದರೂ ಸರಿಯಾಗಿ ಮಾಡೋಣ ಎಂದು ನಾನು ಸಾವಕಾಶವಾಗಿ ಬರೆದೆ. ಲೆಟರ್‌ಹೆಡ್ಡಿನ ಮೇಲೆ, ಕನ್ನಡದಲ್ಲಿ, ಯಾರು ಓದಿದರೂ ತಿಳಿಯುವಂತೆ: ಬೆಟ್ಟ ಇಳಿಯುವಾಗ ಬಲತೊಡೆಯ ಮುಂಭಾಗದ ಮಾಂಸಕ್ಕೆ, ಮಂಡಿಗೆ ಹತ್ತಿರದ ಭಾಗದಲ್ಲಿ, ಹಾನಿಯಾಗಿತ್ತು, ಸ್ಕ್ಯಾನಿಂಗ್ ಮಾಡಿದ್ದು ಚೆನ್ನಾಗಿದ್ದ ಮೇಲ್ಭಾಗದಲ್ಲಾದ್ದರಿಂದ ಅದರಲ್ಲಿ ಕಾಣಲಿಲ್ಲ, ಆ ಸ್ಥಿತಿಯಲ್ಲಿ ಆ ಕಾಲಿನಿಂದ ಜಿಗಿಯುವುದು ಯಾರಿಗೂ ಸಾಧ್ಯವಿರಲಿಲ್ಲ, ಈಗ ಪೂರ್ತಿ ವಾಸಿಯಾಗಿದೆ. ಓದಿ ಹೇಳಿದೆ. ಅವಳು ಚೀಟಿಯನ್ನು ಕೈಗೆ ತೆಗೆದುಕೊಂಡು ತಾನೂ ಓದಿದಳು.

"ಅಕ್ಕ, ತೊಡೆ ಅಂತ ಯಾಕ್ ಬರ್ದ್ರಿ?"

"ಹಾನಿಯಾಗಿದ್ದು ಅಲ್ಲೇ ಅಲ್ಲವಾ?"

"ಅಣ್ಣ ಇದನ್ನ ಟೀ ಓಟ್ಲಲ್ಲಿ ನಾಕ್ ಜನದ ಮುಂದೆ ಓದ್ಬೇಕಲ್ಲ. ಅವನ ತಂಗಿ ತೊಡೆ ಅಂಗಿತ್ತು ಇಂಗಿತ್ತು ಅಂತ ಓದ್ತಾನಾ? ಕಾಲು ಅಂತ ಬರೀರಿ."

"ಕಾಲು ಎಂದರೆ ಎಲ್ಲಿ ಅಂತ ಗೊತ್ತಾಗೋದಿಲ್ಲ."

"ಗೊತ್ತಾಗದೇ ಇರ್ಲಿ ಅಂತಾನೇ." ಚೀಟಿಯ ಮೇಲೆ ಬೆರಳಿಟ್ಟು ಮುಂದುವರಿಸಿದಳು. "ಇಳಿಯೋವಾಗ ಆಯ್ತು ಅನ್ನದೂ ಬ್ಯಾಡ ಕಣಕ್ಕ. ನಗ್ತಾರೆ. ಬಿದ್ದು ಪೆಟ್ಟಾಗಿತ್ತು ಅಂತ ಆಕಿ. ಬಿದ್ರೆ ಯಾರೂ ಏನೂ ಅನ್ನಾಕಿಲ್ಲ."

ನಾನು ಇನ್ನೊಂದು ಹಾಳೆ ತೆಗೆದೆ. ಬೆಟ್ಟದಲ್ಲಿ ಬಿದ್ದು ಬಲಗಾಲಿಗೆ ಪೆಟ್ಟಾಗಿತ್ತು, ಈಗ ಗುಣವಾಗಿದೆ ಎಂದು ಬರೆದು ಸಹಿ ಮಾಡಿ, ಕ್ಲಿನಿಕ್ಕಿನ ಮೊಹರು ಒತ್ತಿದೆ. ಅವಳು ಒಂದೊಂದೇ ಅಕ್ಷರ ಓದಿ, ಶಾಯಿ ಒಣಗಲೆಂದು ಊದಿದಳು.

"ಇದನ್ನ ನಂಬ್ತಾರೆ" ಎಂದಳು.